ಬಾಗಿಲು ತೆರೆದ ರ್ಯಾಕ್: ಹೊರಗಿನ ಪ್ಲಗಿನ್ ಬಂದ ಮೇಲೆ ನನ್ನ ಹಾಡುಗಳ ಗತಿ ಏನು?

ಪ್ರಶ್ನೆ: ನಾನು ಸಂಗೀತ ತಯಾರಿಸುವ ಸಾಫ್ಟ್‌ವೇರ್ ರೀಸನ್‌ನ 5 ನೇ ಆವೃತ್ತಿಯಲ್ಲೇ ನಿಂತುಬಿಟ್ಟಿದ್ದೇನೆ. ಅದರೊಳಗಿನ ವಾದ್ಯಗಳು, ಎಫೆಕ್ಟ್‌ಗಳು ಬಿಟ್ಟು ಬೇರೇನೂ ಬಳಸಿಲ್ಲ. ಈಗ ಹೊಸ ಆವೃತ್ತಿಗೆ ಹೋಗೋಣ ಎಂದುಕೊಂಡರೆ ರ್ಯಾಕ್ ಎಕ್ಸ್‌ಟೆನ್ಷನ್, ವಿಎಸ್‌ಟಿ, ರ್ಯಾಕ್ ಪ್ಲಗಿನ್ ಎಂದು ಏನೇನೋ ಬಂದಿವೆ. ಹೊರಗಿನವರ ಸಾಫ್ಟ್‌ವೇರ್‌ಗೆ ಬಾಗಿಲು ತೆರೆದ ಮೇಲೆ ಮೊದಲಿನ ಗಟ್ಟಿತನ ಉಳಿದಿದೆಯಾ? ನನ್ನ ಹಳೆಯ ಹಾಡುಗಳು ತೆರೆಯುತ್ತವಾ? ಹೊಸ ವಾದ್ಯ ಕೊಳ್ಳುವುದಾದರೆ ಯಾವ ರೂಪದಲ್ಲಿ ಕೊಳ್ಳಲಿ?

ಉತ್ತರ:

ಮೊದಲು ನಿಮ್ಮ ಭಯಕ್ಕೆ ಉತ್ತರ ಹೇಳಿಬಿಡುತ್ತೇನೆ. ಹಳೆಯ ಹಾಡುಗಳು ತೆರೆಯುತ್ತವೆ. ನೀವು ಹೊರಗಿನದ್ದು ಏನನ್ನೂ ಬಳಸಿಲ್ಲ, ಹಾಗಾಗಿ ಆ ಫೈಲ್‌ಗಳಿಗೆ ಬೇಕಾದ ಸಬ್‌ಟ್ರ್ಯಾಕ್ಟರ್, ಮಾಲ್‌ಸ್ಟ್ರಾಮ್, ರೆಡ್ರಮ್, ಥಾರ್ ಎಂಬ ಒಳಗಿನ ವಾದ್ಯಗಳೆಲ್ಲವೂ ಹೊಸ ಆವೃತ್ತಿಯಲ್ಲೂ ಇದ್ದಾವೆ. ಸ್ಯಾಂಪಲ್‌ಗಳನ್ನು (ರೆಕಾರ್ಡ್ ಮಾಡಿಟ್ಟ ಧ್ವನಿ ತುಣುಕುಗಳನ್ನು) ಮಾತ್ರ ಹಾಡಿನ ಫೈಲ್ ಒಳಗೇ ಸೇರಿಸಿಡಿ. ಇಲ್ಲದಿದ್ದರೆ ಅವು ಇರುವ ಫೋಲ್ಡರನ್ನು ಜೋಪಾನ ಮಾಡಿ. ನೀವು ಯೋಚಿಸಬೇಕಾದದ್ದು ಇನ್ನು ಮುಂದೆ ಮಾಡುವ ಹಾಡುಗಳ ಬಗ್ಗೆ. ಬಾಗಿಲು ತೆರೆದ ಮೇಲೆ ಹಾಡನ್ನು ಕಾಪಾಡುವ ಕೆಲಸದಲ್ಲಿ ಒಂದು ದೊಡ್ಡ ಪಾಲು ಕಂಪನಿಯಿಂದ ನಿಮ್ಮ ಕೈಗೆ ಬಂದಿದೆ. ಅದು ಗೊತ್ತಿಲ್ಲದೆ ಹೋದರೆ ಕಷ್ಟ, ಗೊತ್ತಿದ್ದರೆ ಲಾಭವೇ ಜಾಸ್ತಿ.

ಹಳೆಯ ಕಾಲದ ಮುಚ್ಚಿದ ಬಾಗಿಲನ್ನು ಬೈಯುವವರು ತುಂಬಾ ಜನ. ನಾನು ಬೈಯುವುದಿಲ್ಲ. ಸ್ಟಾಕ್‌ಹೋಮ್‌ನ ಪ್ರೊಪೆಲರ್‌ಹೆಡ್ ಕಂಪನಿ 2000 ದಲ್ಲಿ ರೀಸನ್‌ನ ಮೊದಲ ಆವೃತ್ತಿ ತಂದಾಗ, ಸಾಧಾರಣ ಕಂಪ್ಯೂಟರ್‌ನಲ್ಲಿ ನಾಲ್ಕು ಪ್ಲಗಿನ್ (ಹಾಡಿನ ಸಾಫ್ಟ್‌ವೇರ್ ಒಳಗೆ ಸೇರಿಸುವ ವಾದ್ಯ, ಎಫೆಕ್ಟ್) ಹಾಕಿದರೆ ಪರದೆ ಹೆಪ್ಪುಗಟ್ಟುತ್ತಿತ್ತು. ರೀಸನ್‌ನಲ್ಲಿ ಹತ್ತು ಹದಿನೈದು ಯಂತ್ರಗಳನ್ನು ಒಂದರ ಮೇಲೊಂದು ಪೇರಿಸಿದರೂ ಹಾಡು ಓಡುತ್ತಿತ್ತು. ಎಲ್ಲವನ್ನೂ ಒಂದೇ ತಂಡ ಬರೆದಿತ್ತು. ಯಾವ ಯಂತ್ರ ಎಷ್ಟು ಪ್ರೊಸೆಸರ್ ತಿನ್ನುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಟ್ಯಾಬ್ ಕೀ ಒತ್ತಿದರೆ ಯಂತ್ರಗಳನ್ನು ಪೇರಿಸಿದ ರ್ಯಾಕ್ ತಿರುಗಿ ಬೆನ್ನು ತೋರಿಸುತ್ತಿತ್ತು. ಕೇಬಲ್‌ಗಳು ಒಂದು ಕ್ಷಣ ತೂಗಾಡಿ ನಿಲ್ಲುತ್ತಿದ್ದವು. ಒಂದು ಸಿಂಥ್‌ನ (ಧ್ವನಿ ಹುಟ್ಟಿಸುವ ವಾದ್ಯದ) ಎಲ್‌ಎಫ್‌ಒ, ಅಂದರೆ ನಿಧಾನವಾಗಿ ಏರಿಳಿಯುವ ಸಂಕೇತದ, ಕೇಬಲನ್ನು ಎಳೆದು ಇನ್ನೊಂದರ ಫಿಲ್ಟರ್‌ಗೆ ಸಿಕ್ಕಿಸಬಹುದಿತ್ತು. ಸಿಂಥೆಸಿಸ್ ಅಂದರೇನು ಎಂದು ನಾನು ಕಲಿತದ್ದೇ ಆ ಬೆನ್ನು ನೋಡುತ್ತಾ.

ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವಿತ್ತು. ನನ್ನ ಹತ್ತಿರ ರೀಸನ್ ಇದೆ, ನಿಮ್ಮ ಹತ್ತಿರವೂ ಇದೆ ಅಂದರೆ ಸಾಕು. ನೀವು ಕಳಿಸಿದ ಫೈಲ್ ನನ್ನಲ್ಲಿ ತೆರೆದಾಗ ನಿಮಗೆ ಕೇಳಿದ್ದೇ ನನಗೂ ಕೇಳುತ್ತಿತ್ತು. ‘ಈ ಪ್ಲಗಿನ್ ಇಲ್ಲ’ ಎಂಬ ಮಾತೇ ಇರಲಿಲ್ಲ. ಬೇರೆಯವರ ಹಾಡನ್ನು ತೆರೆದು, ಪ್ರತಿ ಗುಂಡಿಯನ್ನೂ ನೋಡಿ, ಆ ಬೇಸ್ ಯಾಕೆ ಹಾಗೆ ಕೇಳುತ್ತದೆ ಎಂದು ಬಿಡಿಸಿ ಕಲಿತವರು ಎಷ್ಟು ಜನ! ಮುಚ್ಚಿದ ಬಾಗಿಲಿನಿಂದ ಸಿಕ್ಕಿದ ನಿಜವಾದ ಉಡುಗೊರೆ ಇದು.

ಹಾಗಾದರೆ ತೆರೆದದ್ದು ಯಾಕೆ?

ಯಾಕೆಂದರೆ ಹೊರಗಿನ ಲೋಕ ನಿಂತಿರಲಿಲ್ಲ. ಸ್ಟೈನ್‌ಬರ್ಗ್ 1996 ರಲ್ಲೇ ತನ್ನ ಹಾಡಿನ ಸಾಫ್ಟ್‌ವೇರ್ ಕ್ಯೂಬೇಸ್ ಜೊತೆ ವಿಎಸ್‌ಟಿ ಎಂಬ ಪ್ಲಗಿನ್ ರೂಪ ತಂದಿತ್ತು. 1999 ರ ಎರಡನೇ ಆವೃತ್ತಿಯಲ್ಲಿ ಎಫೆಕ್ಟ್ ಜೊತೆಗೆ ವಾದ್ಯಗಳೂ ಪ್ಲಗಿನ್ ಆಗಿ ಬಂದವು. ಯಾರು ಬೇಕಾದರೂ ವಾದ್ಯ ಬರೆಯಬಹುದು, ವಿಎಸ್‌ಟಿ ಒಪ್ಪುವ ಯಾವ ಸಾಫ್ಟ್‌ವೇರ್‌ನಲ್ಲಿ ಬೇಕಾದರೂ ಅದು ಓಡಬಹುದು. ಹತ್ತು ಹನ್ನೆರಡು ವರ್ಷದಲ್ಲಿ ಅದು ಎಷ್ಟು ಬೆಳೆಯಿತು ಅಂದರೆ, ಕಾಂಟ್ಯಾಕ್ಟ್‌ನಂಥ ಸ್ಯಾಂಪ್ಲರ್‌ಗಾಗಿ ಇಡೀ ಆರ್ಕೆಸ್ಟ್ರಾಗಳನ್ನು ರೆಕಾರ್ಡ್ ಮಾಡಿ ಮಾರುವ ಉದ್ಯಮವೇ ಹುಟ್ಟಿಕೊಂಡಿತು. ಒಂದೇ ತಂಡ ಎಷ್ಟೇ ಜಾಣರಿದ್ದರೂ ಅಷ್ಟನ್ನೆಲ್ಲ ತಾವೇ ಮಾಡಲಾಗುವುದಿಲ್ಲ ಅಲ್ವಾ. ರೀಸನ್ ಬಳಸುವವರು ಆಗ ರೀವೈರ್ ಮೂಲಕ ಇನ್ನೊಂದು ಸಾಫ್ಟ್‌ವೇರ್ ತೆರೆದು, ಎರಡನ್ನೂ ಜೋಡಿಸಿ ಕೆಲಸ ಮಾಡುತ್ತಿದ್ದರು. ಆಗುತ್ತಿತ್ತು, ಆದರೆ ಎರಡು ಪ್ರೋಗ್ರಾಂ, ಎರಡು ಫೈಲ್, ಎರಡು ತಲೆನೋವು. ಆ ರೀವೈರ್ ಕೂಡ 2020 ರ ಕೊನೆಗೆ ಮುಗಿಯಿತು.

ಬಾಗಿಲು ಒಂದೇ ಸಲ ತೆರೆಯಲಿಲ್ಲ. ಮೂರು ಹಂತದಲ್ಲಿ ತೆರೆಯಿತು. ನಿಮಗೆ ಗೊಂದಲ ಆಗಿರುವುದು ಆ ಮೂರೂ ಹೆಸರುಗಳು ಒಟ್ಟಿಗೆ ಕಣ್ಣಿಗೆ ಬಿದ್ದಿರುವುದರಿಂದ.

ಮೊದಲನೆಯದು 2012 ರಲ್ಲಿ, ರೀಸನ್ 6.5 ಜೊತೆ ಬಂದ ರ್ಯಾಕ್ ಎಕ್ಸ್‌ಟೆನ್ಷನ್. ಹೊರಗಿನವರು ವಾದ್ಯ ಬರೆಯಬಹುದು, ಆದರೆ ಮನೆಯ ನಿಯಮ ಪಾಲಿಸಬೇಕು. ಕೋರ್ಗ್ ತನ್ನ ಹಳೆಯ ಪಾಲಿಸಿಕ್ಸ್ ಸಿಂಥನ್ನು ಈ ರೂಪದಲ್ಲಿ ಕೊಟ್ಟಿತು. ಬೇರೆ ದೊಡ್ಡ ಹೆಸರುಗಳೂ ಬಂದವು. ಇದರ ಒಳಗಿನ ಕೆಲಸ ನನಗೆ ಇವತ್ತಿಗೂ ತುಂಬಾ ಇಷ್ಟ. ವಾದ್ಯ ಬರೆದವರು ನೇರವಾಗಿ ಓಡುವ ಪ್ರೋಗ್ರಾಂ ಕೊಡುವುದಿಲ್ಲ. ಕೋಡನ್ನು ಒಂದು ಮಧ್ಯದ ರೂಪಕ್ಕೆ ತಂದು ಕಂಪನಿಗೆ ಕಳಿಸುತ್ತಾರೆ. ಅಲ್ಲಿಂದ ಮುಂದೆ ಮ್ಯಾಕ್‌ಗೆ, ವಿಂಡೋಸ್‌ಗೆ ಬೇಕಾದ ಅಂತಿಮ ರೂಪವನ್ನು ಕಂಪನಿಯೇ ಮಾಡುತ್ತದೆ. ಮುಂದೆ ಹೊಸ ಬಗೆಯ ಪ್ರೊಸೆಸರ್ ಬಂದರೆ ಅದೇ ಮಧ್ಯದ ರೂಪದಿಂದ ಮತ್ತೆ ತಯಾರಿಸಬಹುದು. ಬರೆದವರು ಆ ಹೊತ್ತಿಗೆ ಬೇರೆ ಕೆಲಸಕ್ಕೆ ಹೋಗಿದ್ದರೂ ವಾದ್ಯ ಬದುಕುವ ದಾರಿ ಉಳಿದಿರುತ್ತದೆ. ಜೊತೆಗೆ ಆ ಕೋಡ್ ಒಂದು ಬೇಲಿಯೊಳಗೆ ಓಡುತ್ತದೆ. ನಿಮ್ಮ ಡಿಸ್ಕ್‌ಗೆ, ಬೇರೆ ಯಂತ್ರಗಳಿಗೆ ಕೈ ಹಾಕುವಂತಿಲ್ಲ.

ಬೇಲಿ ಅಂದ ಮೇಲೆ ಇಕ್ಕಟ್ಟೂ ಇರುತ್ತದೆ. ಪರದೆಯ ಮೇಲೆ ರ್ಯಾಕ್‌ನ ಅಗಲಕ್ಕೇ ಹೊಂದಿಕೊಳ್ಳಬೇಕು. ಡಿಸ್ಕ್‌ನಿಂದ ಹತ್ತಾರು ಗಿಗಾಬೈಟ್ ಸ್ಯಾಂಪಲ್‌ಗಳನ್ನು ಓದುತ್ತಾ ನುಡಿಸುವ ದೊಡ್ಡ ಲೈಬ್ರರಿಗಳು ಇದರೊಳಗೆ ಬರಲಾರದಾದವು. ಈಗಾಗಲೇ ವಿಎಸ್‌ಟಿ ಮಾಡಿಟ್ಟುಕೊಂಡ ಸಣ್ಣ ತಂಡಗಳಿಗೆ ಒಂದೇ ಸಾಫ್ಟ್‌ವೇರ್‌ಗಾಗಿ ಮತ್ತೆ ಬರೆಯುವುದು ಹೊರೆ. ಹಾಗಾಗಿ ಜನ ಬಯಸಿದ ವಾದ್ಯಗಳಲ್ಲಿ ಎಷ್ಟೋ ಹೊರಗೇ ಉಳಿದವು.

ಎರಡನೆಯ ಹಂತ 2017 ರಲ್ಲಿ. ರೀಸನ್ 9.5 ವಿಎಸ್‌ಟಿಗೆ ಬಾಗಿಲು ತೆರೆಯಿತು. ಹದಿನೇಳು ವರ್ಷ ‘ಬೇಡ’ ಅಂದವರು ‘ಸರಿ’ ಅಂದರು. ವಿಎಸ್‌ಟಿ ಪ್ಲಗಿನ್ ರ್ಯಾಕ್‌ನಲ್ಲಿ ಒಂದು ಪೆಟ್ಟಿಗೆಯಾಗಿ ಕೂರುತ್ತದೆ. ಅದರ ನಿಜವಾದ ಮುಖ ಬೇರೆ ಕಿಟಕಿಯಲ್ಲಿ ತೆರೆಯುತ್ತದೆ. ಚೆನ್ನಾದ ಸಂಗತಿ ಏನೆಂದರೆ ಅದಕ್ಕೂ ಬೆನ್ನು ಕೊಟ್ಟರು. ಟ್ಯಾಬ್ ಒತ್ತಿ, ಸಿವಿ (ಗುಂಡಿಗಳನ್ನು ನಿಯಂತ್ರಿಸುವ ಸಂಕೇತದ) ಕೇಬಲ್ ಎಳೆದು, ಪ್ಲಗಿನ್‌ನ ಯಾವ ಗುಂಡಿಯನ್ನು ಅಲುಗಾಡಿಸಬೇಕು ಎಂದು ನೀವೇ ಆರಿಸಬಹುದು. ಹಲವು ಯಂತ್ರಗಳನ್ನು ಒಂದಾಗಿ ಕಟ್ಟುವ ಕಾಂಬಿನೇಟರ್ ಒಳಗೂ ಹಾಕಬಹುದು. ಬಂದ ಅತಿಥಿಗೆ ಮನೆಯವರ ತಟ್ಟೆಯಲ್ಲೇ ಬಡಿಸಿದ ಹಾಗೆ.

ಅದೇ ಆವೃತ್ತಿಯಲ್ಲಿ ಡಿಲೇ ಕಾಂಪನ್ಸೇಶನ್ ಕೂಡ ಬಂತು. ಇದರ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ. ಹಳೆಯ ಆವೃತ್ತಿಯಿಂದ ಬರುವವರಿಗೆ ಇದು ಗೊತ್ತಿರುವುದಿಲ್ಲ. ಕೆಲವು ಎಫೆಕ್ಟ್‌ಗಳು ಧ್ವನಿಯನ್ನು ಮುಂದಾಗಿ ನೋಡಿ ಕೆಲಸ ಮಾಡುತ್ತವೆ. ಹಾಗೆ ನೋಡಲು ಅವಕ್ಕೆ ಕೊಂಚ ಸಮಯ ಬೇಕು, ಅಷ್ಟು ತಡವಾಗಿ ಧ್ವನಿ ಹೊರಗೆ ಬಿಡುತ್ತವೆ. ನೀವು ಡ್ರಮ್ಸ್ ಅನ್ನು ಎರಡು ಚಾನೆಲ್‌ಗೆ ಕಳಿಸಿದ್ದೀರಿ ಅಂದುಕೊಳ್ಳಿ. ಒಂದು ಹಾಗೇ ಇದೆ, ಇನ್ನೊಂದಕ್ಕೆ ಇಂಥ ಕಂಪ್ರೆಸರ್ ಹಾಕಿದ್ದೀರಿ. ಅದು 100 ಸ್ಯಾಂಪಲ್ ತಡ ಮಾಡುತ್ತದೆ. ಇಲ್ಲಿ ಸ್ಯಾಂಪಲ್ ಅಂದರೆ ಧ್ವನಿಯ ಒಂದು ಅಳತೆ; ಸೆಕೆಂಡಿಗೆ 44,100 ಅಳತೆಗಳ ಸ್ಯಾಂಪಲ್ ರೇಟ್‌ನಲ್ಲಿ ಇದು ಸುಮಾರು 2.3 ಮಿಲಿಸೆಕೆಂಡ್. ತಡ ಅಂತ ಕಿವಿಗೆ ಗೊತ್ತೇ ಆಗುವುದಿಲ್ಲ. ಆದರೆ ಎರಡೂ ಕೂಡಿದಾಗ 220 ಹರ್ಟ್ಸ್ ಆಸುಪಾಸಿನಲ್ಲಿ ಒಂದರ ಅಲೆ ಏರುವಾಗ ಇನ್ನೊಂದರದ್ದು ಇಳಿಯುತ್ತದೆ. ಸ್ನೇರ್‌ನ ಮೈಕಟ್ಟು ಇರುವ ಜಾಗವೇ ಅದು. ಡ್ರಮ್ಸ್ ಟೊಳ್ಳಾಗಿ ಕೇಳುತ್ತದೆ. ಜನ ಈಕ್ಯೂ ತಿರುಗಿಸಿ ತಿರುಗಿಸಿ ಸುಸ್ತಾಗುತ್ತಾರೆ. ಕಾಂಪನ್ಸೇಶನ್ ಇದ್ದರೆ ಬೇಗ ಬರುವ ಚಾನೆಲನ್ನು ಅಷ್ಟೇ ತಡೆದು ಎರಡನ್ನೂ ಒಟ್ಟಿಗೆ ಬಿಡುತ್ತದೆ. ಹಳೆಯ ಹಾಡು ತೆರೆದಾಗ ಆ ಸ್ವಿಚ್ ಆನ್ ಇದೆಯಾ ಆಫ್ ಇದೆಯಾ ಎಂದು ಒಮ್ಮೆ ನೋಡಿ. ಹಳೆಯ ಮಿಕ್ಸ್‌ನಲ್ಲಿ ನೀವೇ ಕೈಯಾರೆ ತಡವನ್ನು ಸರಿದೂಗಿಸಿಟ್ಟಿದ್ದರೆ ಈಗ ಎರಡು ಸಲ ಸರಿದೂಗಿಸಿದಂತಾಗಬಹುದು.

ಬಾಗಿಲು ತೆರೆದ ಹೊಸದರಲ್ಲಿ ಎಲ್ಲ ಸುಗಮವಾಗಿರಲಿಲ್ಲ. ಬೇರೆ ಸಾಫ್ಟ್‌ವೇರ್‌ನಲ್ಲಿ ಹಗುರಾಗಿ ಓಡುವ ಪ್ಲಗಿನ್ ರೀಸನ್‌ನಲ್ಲಿ ಏದುಸಿರು ಬಿಡುತ್ತಿತ್ತು. ಕಾರಣ ಅದರ ಅಡಿಪಾಯದಲ್ಲೇ ಇತ್ತು. ರೀಸನ್ ಧ್ವನಿಯನ್ನು 64 ಸ್ಯಾಂಪಲ್‌ಗಳ ತುತ್ತುಗಳಾಗಿ ಲೆಕ್ಕ ಹಾಕುತ್ತದೆ. ಒಂದು ತುತ್ತು ಅಂದರೆ ಸುಮಾರು 1.45 ಮಿಲಿಸೆಕೆಂಡ್. ಕೇಬಲ್‌ಗಳಲ್ಲಿ ಸಿಗ್ನಲ್ ಚುರುಕಾಗಿ ಓಡಾಡಲಿ ಎಂದು ಹಾಗೆ ಕಟ್ಟಿದ್ದು. ತಮ್ಮದೇ ಯಂತ್ರಗಳಿಗೆ ಅದು ಸರಿಯಾಗಿತ್ತು. ಆದರೆ ಹೊರಗಿನ ಪ್ಲಗಿನ್‌ಗಳನ್ನು ಬರೆದವರು ದೊಡ್ಡ ತುತ್ತು ಸಿಗುತ್ತದೆ ಎಂದುಕೊಂಡು ಬರೆದಿದ್ದರು. ನೀವು ಬಫರ್, ಅಂದರೆ ಆಡಿಯೋ ಕಾರ್ಡ್ ಒಮ್ಮೆಗೆ ತೆಗೆದುಕೊಳ್ಳುವ ಸ್ಯಾಂಪಲ್ ಸಂಖ್ಯೆ, 512 ಎಂದು ಇಟ್ಟರೂ, ಪ್ಲಗಿನ್ ಅನ್ನು ಒಂದೇ ಸಲ ಕರೆದು 512 ಕೊಡುವ ಬದಲು ಎಂಟು ಸಲ ಕರೆದು 64 ರಂತೆ ಕೊಡುತ್ತಿತ್ತು. ಪ್ರತಿ ಕರೆಗೂ ಒಂದಿಷ್ಟು ಸಿದ್ಧತೆಯ ಖರ್ಚು ಇದೆ. ಎಂಟು ಕರೆಗೆ ಎಂಟು ಪಟ್ಟು ಸಿದ್ಧತೆ. ಬಫರ್ ಹೆಚ್ಚಿಸಿದರೂ ಯಾಕೆ ಹಗುರಾಗಲಿಲ್ಲ ಎಂದು ಜನ ತಲೆ ಕೆಡಿಸಿಕೊಂಡದ್ದು ಇದಕ್ಕೇ. 2019 ರ 10.3 ಆವೃತ್ತಿಯಲ್ಲಿ ಇದನ್ನು ಬದಲಾಯಿಸಿದರು. ಈಗ ಆಡಿಯೋ ಕಾರ್ಡಿನ ಬಫರ್ ಎಷ್ಟಿದೆಯೋ ಅಷ್ಟು ದೊಡ್ಡ ತುತ್ತು ಸಿಗುತ್ತದೆ. ಪ್ರಿಫರೆನ್ಸಸ್‌ನಲ್ಲಿ ಅದಕ್ಕೊಂದು ಆಯ್ಕೆ ಇದೆ. ಭಾರದ ಪ್ಲಗಿನ್ ಬಳಸುವುದಾದರೆ ಅದು ಆನ್ ಇರಲಿ.

ಈ ಕತೆಯನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ಬಾಗಿಲು ತೆರೆಯುವುದು ಅಂದರೆ ಬರೀ ಮೆನುವಿಗೆ ಒಂದು ಸಾಲು ಸೇರಿಸುವುದು ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಮುಚ್ಚಿದ ಮನೆಯನ್ನು ಅದರದೇ ಲೆಕ್ಕದಲ್ಲಿ ಕಟ್ಟಿರುತ್ತಾರೆ. ಗೋಡೆ ಒಡೆಯದೆ ಬಾಗಿಲು ಇಡಲು ಬರುವುದಿಲ್ಲ. ಎರಡು ವರ್ಷ ಬೈಗುಳ ತಿಂದು ಆ ಕೆಲಸ ಮುಗಿಸಿದ ಎಂಜಿನಿಯರ್‌ಗಳ ಬಗ್ಗೆ ನನಗೆ ಗೌರವ ಇದೆ.

ಮೂರನೆಯ ಹಂತದಲ್ಲಿ ಬಾಗಿಲು ಇನ್ನೊಂದು ದಿಕ್ಕಿಗೆ ತೆರೆಯಿತು. 2019 ರಲ್ಲಿ ಕಂಪನಿ ಹೆಸರನ್ನೇ ರೀಸನ್ ಸ್ಟುಡಿಯೋಸ್ ಎಂದು ಬದಲಾಯಿಸಿಕೊಂಡಿತು. ಅದೇ ವರ್ಷದ ರೀಸನ್ 11 ರಲ್ಲಿ ಇಡೀ ರ್ಯಾಕೇ ಒಂದು ಪ್ಲಗಿನ್ ಆಯಿತು. ಲೈವ್, ಕ್ಯೂಬೇಸ್, ಲಾಜಿಕ್ ಹೀಗೆ ಹಾಡು ಮಾಡುವ ಸಾಫ್ಟ್‌ವೇರ್ ಯಾವುದೇ ಇರಲಿ, ಅದರೊಳಗೆ ರ್ಯಾಕ್ ತೆರೆದು ನಿಮ್ಮ ಸಬ್‌ಟ್ರ್ಯಾಕ್ಟರ್, ಥಾರ್, ಕೊಂಡ ರ್ಯಾಕ್ ಎಕ್ಸ್‌ಟೆನ್ಷನ್‌ಗಳನ್ನೆಲ್ಲ ಬಳಸಬಹುದು. ಒಂದು ಮಾತು ನೆನಪಿರಲಿ: ಹೀಗೆ ಬೇರೆ ಕಡೆ ತೆರೆದ ರ್ಯಾಕ್‌ನೊಳಗೆ ವಿಎಸ್‌ಟಿ ಹಾಕಲು ಆಗುವುದಿಲ್ಲ.

ಈಗ ಗಟ್ಟಿತನದ ಪ್ರಶ್ನೆ. ರ್ಯಾಕ್ ಎಕ್ಸ್‌ಟೆನ್ಷನ್‌ವರೆಗೆ ಅದು ಬಹುಮಟ್ಟಿಗೆ ಹಾಗೇ ಇದೆ. ವಿಎಸ್‌ಟಿ ಬಂದಾಗ ಬದಲಾಗುತ್ತದೆ. ವಿಎಸ್‌ಟಿ ಪ್ಲಗಿನ್ ಸಾಮಾನ್ಯವಾಗಿ ಹಾಡಿನ ಸಾಫ್ಟ್‌ವೇರ್ ಜೊತೆ ಒಂದೇ ಪ್ರಕ್ರಿಯೆಯಲ್ಲಿ, ಒಂದೇ ಮೆಮೊರಿಯಲ್ಲಿ ಓಡುತ್ತದೆ. ಅದು ಎಡವಿದರೆ ಇಡೀ ಪ್ರೋಗ್ರಾಂ ಬೀಳುತ್ತದೆ. ಪ್ಲಗಿನ್‌ಗಳನ್ನು ಬೇರೆ ಪ್ರಕ್ರಿಯೆಯಲ್ಲಿ ಕೂರಿಸಿ, ಒಂದು ಬಿದ್ದರೂ ಹಾಡು ಉಳಿಯುವಂತೆ ಮಾಡಿದ ಬಿಟ್‌ವಿಗ್‌ನಂಥವರು ಇದ್ದಾರೆ. ಎಲ್ಲರೂ ಹಾಗೆ ಮಾಡುವುದಿಲ್ಲ. ಆದ್ದರಿಂದ ಹೊಸ ಪ್ಲಗಿನ್ ತಂದಾಗ ಖಾಲಿ ಹಾಡಿನಲ್ಲಿ ಎರಡು ದಿನ ಆಡಿಸಿ ನೋಡಿ. ಆಮೇಲೆ ನಿಮ್ಮ ಮುಖ್ಯ ಹಾಡಿಗೆ ತನ್ನಿ.

ಕ್ರ್ಯಾಶ್ ಆದರೆ ಆ ಹೊತ್ತಿನ ನಷ್ಟ. ಅದಕ್ಕಿಂತ ದೊಡ್ಡ ನಷ್ಟ ವರ್ಷಗಳ ಮೇಲೆ ಗೊತ್ತಾಗುತ್ತದೆ. ನನಗೇ ಆದದ್ದು ಹೇಳುತ್ತೇನೆ. ಒಂದು ಹಾಡಿನ ಹಿನ್ನೆಲೆಗೆ ಒಂದು ಸಣ್ಣ ತಂಡದ ಸಿಂಥ್ ಪ್ಲಗಿನ್ ಬಳಸಿದ್ದೆ. ಗಾಳಿ ಬೀಸಿದ ಹಾಗೆ ಏರಿ ಇಳಿಯುವ ಒಂದು ಪ್ಯಾಡ್. ಇಡೀ ಹಾಡು ಅದರ ಮೇಲೆ ನಿಂತಿತ್ತು. ಕೆಲವು ವರ್ಷ ಬಿಟ್ಟು ಹೊಸ ಕಂಪ್ಯೂಟರ್‌ನಲ್ಲಿ ಆ ಹಾಡು ತೆರೆದೆ. ಸಬ್‌ಟ್ರ್ಯಾಕ್ಟರ್ ಬೇಸ್ ಬಂತು. ರೆಡ್ರಮ್ ಬಂತು. ಪ್ಯಾಡ್ ಇದ್ದ ಜಾಗದಲ್ಲಿ ಒಂದು ಖಾಲಿ ಪೆಟ್ಟಿಗೆ, ಅದರ ಮೇಲೆ ಪ್ಲಗಿನ್ ಇಲ್ಲ ಎಂಬ ಬರಹ. ಆ ತಂಡ ಮುಚ್ಚಿತ್ತು. ಲೈಸನ್ಸ್ ಪರೀಕ್ಷಿಸುವ ಸರ್ವರ್ ಕೂಡ ಇರಲಿಲ್ಲ. ಇನ್‌ಸ್ಟಾಲರ್ ನನ್ನ ಹತ್ತಿರ ಇತ್ತು, ಆದರೆ ಅದು ಬಾಯಿ ಬಿಡಲಿಲ್ಲ. ನನ್ನ ಸೆಟ್ಟಿಂಗ್‌ಗಳೆಲ್ಲ ಹಾಡಿನ ಫೈಲ್ ಒಳಗೆ ಭದ್ರವಾಗಿಯೇ ಇದ್ದವು. ಅದನ್ನು ಓದಬಲ್ಲವರೇ ಇರಲಿಲ್ಲ. ಆ ಪ್ಯಾಡನ್ನು ಥಾರ್‌ನಲ್ಲಿ ಮತ್ತೆ ಕಟ್ಟಲು ಒಂದು ವಾರ ಕೂತೆ. ಹತ್ತಿರ ಹತ್ತಿರ ಬಂತು. ಅದೇ ಆಗಲಿಲ್ಲ. ಇವತ್ತಿಗೂ ಆ ಹಾಡು ಕೇಳಿದರೆ ಬೇಜಾರಾಗುತ್ತದೆ.

ಕಂಪನಿ ಮುಚ್ಚುವುದೇ ಬೇಕಿಲ್ಲ. ಫಾರ್ಮ್ಯಾಟ್‌ಗಳೂ ವಯಸ್ಸಾಗಿ ಹೋಗುತ್ತವೆ. ಸ್ಟೈನ್‌ಬರ್ಗ್ 2018 ರಲ್ಲಿ ವಿಎಸ್‌ಟಿ2 ಗೆ ಹೊಸ ಲೈಸನ್ಸ್ ಕೊಡುವುದನ್ನು ನಿಲ್ಲಿಸಿತು. ಎಲ್ಲರೂ ವಿಎಸ್‌ಟಿ3 ಕಡೆ ಹೋಗುತ್ತಿದ್ದಾರೆ. ರೀಸನ್ ಕೂಡ 12 ರ ಕಾಲದಲ್ಲಿ ವಿಎಸ್‌ಟಿ3 ಸೇರಿಸಿಕೊಂಡಿತು. ಒಂದೇ ಪ್ಲಗಿನ್‌ನ ಎರಡು ರೂಪಗಳು ನಮ್ಮ ಕಣ್ಣಿಗೆ ಒಂದೇ. ಹಾಡಿನ ಫೈಲ್ ಕಣ್ಣಿಗೆ ಅವು ಬೇರೆ ಬೇರೆ ಆಗಿರಬಹುದು. ವಿಎಸ್‌ಟಿ2 ರಲ್ಲಿ ಉಳಿಸಿದ ಹಾಡು, ಬರೀ ವಿಎಸ್‌ಟಿ3 ಇರುವ ಕಂಪ್ಯೂಟರ್‌ನಲ್ಲಿ ‘ಪ್ಲಗಿನ್ ಸಿಗಲಿಲ್ಲ’ ಅನ್ನಬಹುದು. ನೀವು ಈಗ ಹೊಸದಾಗಿ ಶುರು ಮಾಡುತ್ತಿದ್ದೀರಿ. ಎರಡೂ ಸಿಕ್ಕಿದರೆ ವಿಎಸ್‌ಟಿ3 ಯನ್ನೇ ಹಾಕಿಕೊಳ್ಳಿ.

ಯಾವ ರೂಪದಲ್ಲಿ ಕೊಳ್ಳಲಿ ಎಂದು ಕೇಳಿದ್ದೀರಿ. ನೀವು ಬರೆದ ರೀತಿ ನೋಡಿದರೆ ರ್ಯಾಕ್ ಬಿಟ್ಟು ಹೋಗುವವರಲ್ಲ ಅನಿಸುತ್ತದೆ. ಹಾಗಿದ್ದರೆ ಸಿಂಥ್, ಡಿಲೇ, ಮಾಡ್ಯುಲೇಷನ್ ಥರದವನ್ನು, ಅಂದರೆ ಕೇಬಲ್ ಹಾಕಿ ಆಟ ಆಡುವಂಥವನ್ನು, ರ್ಯಾಕ್ ಎಕ್ಸ್‌ಟೆನ್ಷನ್ ರೂಪದಲ್ಲಿ ಕೊಳ್ಳಿ. ಅವುಗಳ ಬೆನ್ನಿನಲ್ಲಿ ಬರೆದವರೇ ಯೋಚಿಸಿ ಇಟ್ಟ ಸಿವಿ ಕಿಂಡಿಗಳು ಇರುತ್ತವೆ. ಮೊದಲು ಇದಕ್ಕೆ ಒಂದು ಬಲವಾದ ತಕರಾರು ಇತ್ತು: ರೀಸನ್ ಬಿಟ್ಟರೆ ಕೊಂಡದ್ದೆಲ್ಲ ದಂಡ. ರ್ಯಾಕ್ ಪ್ಲಗಿನ್ ಬಂದ ಮೇಲೆ ಆ ತಕರಾರು ಅರ್ಧ ಕರಗಿದೆ. ಇನ್ನರ್ಧ ಉಳಿದಿದೆ, ಯಾಕೆಂದರೆ ಬೇರೆ ಸಾಫ್ಟ್‌ವೇರ್‌ಗೆ ಹೋದರೂ ರೀಸನ್‌ನ ಲೈಸನ್ಸ್ ಜೊತೆಗಿರಲೇಬೇಕು.

ದೊಡ್ಡ ಸ್ಯಾಂಪಲ್ ಲೈಬ್ರರಿ, ಪಿಯಾನೋ, ಆರ್ಕೆಸ್ಟ್ರಾ, ಹಾಡುಗಾರರ ಶ್ರುತಿ ತಿದ್ದುವ ಉಪಕರಣ ಇವೆಲ್ಲಕ್ಕೆ ವಿಎಸ್‌ಟಿಯೇ ದಾರಿ. ಅಲ್ಲಿ ಆಯ್ಕೆ ಎಷ್ಟೋ ಜಾಸ್ತಿ. ನಾಳೆ ಬೇರೆಯವರ ಜೊತೆ ಕೆಲಸ ಮಾಡಿದರೆ ಅವರ ಸಾಫ್ಟ್‌ವೇರ್‌ನಲ್ಲೂ ಅದೇ ವಾದ್ಯ ಸಿಗುತ್ತದೆ. ಲೈಸನ್ಸ್ ಹೇಗೆ ಪರೀಕ್ಷೆ ಆಗುತ್ತದೆ ಎಂದು ಕೊಳ್ಳುವ ಮುಂಚೆ ಓದಿ. ಒಂದು ಸಂಖ್ಯೆ ಟೈಪ್ ಮಾಡಿದರೆ ಮುಗಿಯುವುದಾದರೆ ಒಳ್ಳೆಯದು. ಪದೇ ಪದೇ ಇಂಟರ್‌ನೆಟ್‌ನಲ್ಲಿ ಒಪ್ಪಿಗೆ ಕೇಳುವುದಾದರೆ, ಒಪ್ಪಿಗೆ ಕೊಡುವವರು ಇರುವವರೆಗೆ ಮಾತ್ರ ಅದು ನಿಮ್ಮದು.

ಎಲ್ಲಕ್ಕಿಂತ ಮೊದಲು ಒಂದು ಅಭ್ಯಾಸ ಮಾಡಿಕೊಳ್ಳಿ. ಹಾಡು ಮುಗಿದ ದಿನವೇ, ಹೊರಗಿನ ಪ್ಲಗಿನ್ ಇರುವ ಪ್ರತಿ ಟ್ರ್ಯಾಕನ್ನೂ ಆಡಿಯೋ ಆಗಿ ಬೌನ್ಸ್ ಮಾಡಿ. ಹಾಡಿನ ಮೊದಲ ಬಾರ್‌ನಿಂದಲೇ ಶುರುವಾಗಲಿ, ಆಗ ಎಲ್ಲಿ ಕೂರಿಸಬೇಕು ಎಂಬ ಗೊಂದಲ ಬರುವುದಿಲ್ಲ. ಸಾಧ್ಯವಾದರೆ ಎರಡು ಸಲ ಮಾಡಿ: ಒಮ್ಮೆ ಎಫೆಕ್ಟ್ ಜೊತೆ, ಒಮ್ಮೆ ಒಣದಾಗಿ. ಮಿಡಿ ನೋಟ್‌ಗಳನ್ನು ಅಳಿಸಬೇಡಿ, ಆ ಟ್ರ್ಯಾಕನ್ನು ಸುಮ್ನೆ ಮ್ಯೂಟ್ ಮಾಡಿ ಬಿಡಿ. ಯಾವ ಪ್ಲಗಿನ್, ಯಾವ ಆವೃತ್ತಿ, ಯಾವ ಪ್ರೀಸೆಟ್ ಎಂದು ಒಂದು ಪಠ್ಯ ಫೈಲ್‌ನಲ್ಲಿ ಬರೆದು ಅದೇ ಫೋಲ್ಡರ್‌ನಲ್ಲಿ ಇಡಿ. ಇನ್‌ಸ್ಟಾಲರ್ ಫೈಲನ್ನೂ ಎತ್ತಿಡಿ. ಒಂದು ಹಾಡಿಗೆ ಹದಿನೈದು ಇಪ್ಪತ್ತು ನಿಮಿಷದ ಕೆಲಸ. ವೇವ್ ಫೈಲ್‌ಗೆ ಯಾರ ಲೈಸನ್ಸೂ ಬೇಡ, ಯಾರ ಸರ್ವರೂ ಬೇಡ. ನಾನು ಆ ಪ್ಯಾಡ್‌ಗೆ ಇಷ್ಟು ಮಾಡಿದ್ದರೆ ಒಂದು ವಾರ ಉಳಿಯುತ್ತಿತ್ತು, ಹಾಡೂ ಉಳಿಯುತ್ತಿತ್ತು.

ಹೊಸ ಆವೃತ್ತಿ ಹಾಕಿಕೊಂಡ ಮೇಲೆ ಮೊದಲು ನಿಮ್ಮ ಹಳೆಯ ಫೈಲ್‌ಗಳ ನಕಲು ಮಾಡಿ, ನಕಲನ್ನೇ ತೆರೆಯಿರಿ. ಹೊಸದರಲ್ಲಿ ಉಳಿಸಿದ ಹಾಡು 5 ರಲ್ಲಿ ಮತ್ತೆ ತೆರೆಯುವುದಿಲ್ಲ. ಎರಡು ಮೂರು ತಿಂಗಳು ಒಂದೇ ಒಂದು ಹೊರಗಿನ ಪ್ಲಗಿನ್ ಇಟ್ಟುಕೊಳ್ಳಿ, ನಿಮ್ಮ ರ್ಯಾಕ್‌ನಲ್ಲಿ ನಿಜಕ್ಕೂ ಕೊರತೆ ಅನಿಸಿದ್ದು ಯಾವುದೋ ಅದು. ಅದರ ಮೇಲೆ ಟ್ಯಾಬ್ ಒತ್ತಿ, ನಿಮ್ಮ ಹಳೆಯ ಮ್ಯಾಟ್ರಿಕ್ಸ್ ಸೀಕ್ವೆನ್ಸರ್‌ನಿಂದ ಒಂದು ಸಿವಿ ಕೇಬಲ್ ಎಳೆದು ಅದರ ಫಿಲ್ಟರ್‌ಗೆ ಜೋಡಿಸಿ ನೋಡಿ. 2000 ದಲ್ಲಿ ಬಂದ ಯಂತ್ರ ಈಗಿನ ಸಿಂಥ್‌ನ ಗುಂಡಿಯನ್ನು ತಾಳಕ್ಕೆ ಸರಿಯಾಗಿ ತಿರುಗಿಸುವುದು ಕೇಳುತ್ತದೆ.